‘ಡೆಲಿವರ್ಡ್’ ಅಂತ ಮೆಸೇಜ್ ಬಂದಿದೆ, ಬಾಗಿಲ ಮುಂದೆ ಪಾರ್ಸೆಲ್ ಇಲ್ಲ: ಮೊದಲು ಏನು, ಆಮೇಲೆ ಏನು?

ಮೂರನೇ_ಮಹಡಿ
ಬೆಂಗಳೂರಿನಲ್ಲಿ ಆರೆಂಟು ಮನೆಗಳ, ಸೆಕ್ಯೂರಿಟಿ ಇಲ್ಲದ ಬಾಡಿಗೆ ಕಟ್ಟಡಗಳು ಬೀದಿಗೆ ಹತ್ತರಂತೆ ಇವೆ. ಗೇಟಿಗೆ ಬೀಗ ಇರುವುದಿಲ್ಲ. ಹಗಲು ಹೊತ್ತು ಮನೆಯಲ್ಲಿ ಯಾರೂ ಇರುವುದಿಲ್ಲ. ಪಾರ್ಸೆಲ್ ಮೆಟ್ಟಿಲ ಮೇಲೋ ಚಪ್ಪಲಿ ಸ್ಟ್ಯಾಂಡಿನ ಮೇಲೋ ಸಂಜೆವರೆಗೆ ಕೂತಿರುತ್ತದೆ. ಇಂಥ ಕಡೆ ಕಳವಾದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು? ಸಾವಿರ ರೂಪಾಯಿ ಸಾಮಾನಿಗೆ ಪೊಲೀಸರು ದೂರು ತಗೊಳ್ತಾರಾ? ಕ್ಯಾಮೆರಾ ಒಳ್ಳೆಯದೋ, ಪೆಟ್ಟಿಗೆ ಒಳ್ಳೆಯದೋ? ಈ ಕೆಲಸ ಗೊತ್ತಿರುವವರು ವಿವರವಾಗಿ ಬರೆಯಿರಿ.

ಹಬ್_ಲೆಕ್ಕ
ಕಳವು ಅಂತ ತೀರ್ಮಾನಿಸುವ ಮೊದಲು, ಪಾರ್ಸೆಲ್ ನಿಮ್ಮ ಬಾಗಿಲಿಗೆ ಬಂದಿತ್ತೇ ಅನ್ನೋದನ್ನು ಖಚಿತ ಮಾಡಿಕೊಳ್ಳಿ. ‘ಡೆಲಿವರ್ಡ್’ ಅನ್ನೋದು ಡೆಲಿವರಿ ಹುಡುಗ ತನ್ನ ಫೋನಿನಲ್ಲಿ ಒತ್ತುವ ಒಂದು ಗುಂಡಿ, ಅಷ್ಟೆ. ಒಂದೇ ಕಟ್ಟಡಕ್ಕೆ ನಾಲ್ಕೈದು ಪಾರ್ಸೆಲ್ ಇದ್ದಾಗ ಕೆಳಗೇ ನಿಂತು ಎಲ್ಲವನ್ನೂ ಒಟ್ಟಿಗೆ ಒತ್ತಿ ಆಮೇಲೆ ಹತ್ತುವುದುಂಟು. ಹಾಗಾಗಿ ಮೆಸೇಜ್ ಬಂದು ಹದಿನೈದು ಇಪ್ಪತ್ತು ನಿಮಿಷ ಕಾಯಿರಿ. ಅದಕ್ಕಿಂತ ಹೆಚ್ಚು ಕಾಯಬೇಡಿ.

ಆಪ್ ತೆರೆದು ಮೂರು ವಿಷಯ ನೋಡಿ: ಸಮಯ, ‘ಯಾರು ಪಡೆದರು’ ಎಂಬ ಸಾಲು, ಫೋಟೋ ಇದ್ದರೆ ಫೋಟೋ. ಫೋಟೋದಲ್ಲಿ ಪಾರ್ಸೆಲ್‌ಗಿಂತ ಅದರ ಸುತ್ತಮುತ್ತ ಮುಖ್ಯ. ನೆಲದ ಟೈಲ್ಸ್ ಯಾವ ಬಣ್ಣ, ಹೊಸ್ತಿಲ ಮುಂದೆ ರಂಗೋಲಿ ಇದೆಯೇ, ಗ್ರಿಲ್ ವಿನ್ಯಾಸ ಯಾವುದು, ಕರೆಂಟ್ ಮೀಟರ್ ಎಲ್ಲಿದೆ. ಅದು ನಿಮ್ಮ ಬಾಗಿಲೇ ಅಲ್ಲ ಅನ್ನೋದು ಬಹಳ ಸಲ ಅಲ್ಲೇ ಗೊತ್ತಾಗುತ್ತದೆ. ನಮ್ಮೂರಲ್ಲಿ ‘3ನೇ ಮೇನ್, 5ನೇ ಕ್ರಾಸ್’ ಮತ್ತು ‘5ನೇ ಮೇನ್, 3ನೇ ಕ್ರಾಸ್’ ಅದಲುಬದಲಾಗುವುದು ಮಾಮೂಲು. ಒಂದೇ ಬಡಾವಣೆಯ ಬೇರೆ ಬೇರೆ ಬ್ಲಾಕು, ಸ್ಟೇಜುಗಳಲ್ಲಿ ಅದೇ ಮನೆ ನಂಬರು ಇರುತ್ತದೆ. ಹಳೇ ನಂಬರು, ಹೊಸ ನಂಬರು ಅಂತ ಬೇರೆ. ವಿಳಾಸದ ಮೊದಲ ಸಾಲಿನಲ್ಲೇ ಮಹಡಿ ಮತ್ತು ಬಾಗಿಲ ಗುರುತು ಬರೆಯಿರಿ: ‘2ನೇ ಮಹಡಿ, ಮೆಟ್ಟಿಲ ಎಡಕ್ಕೆ ಹಸಿರು ಗ್ರಿಲ್’. ಹೆಗ್ಗುರುತಿಗೆ ದೊಡ್ಡ ದೇವಸ್ಥಾನಕ್ಕಿಂತ ಪಕ್ಕದ ಹಾಲಿನ ಬೂತ್ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. ಫೋನ್ ಮಾಡಿದ ಕೂಡಲೇ ಆ ಹುಡುಗನನ್ನು ಕಳ್ಳ ಅನ್ನಬೇಡಿ. ‘ಎಲ್ಲಿ ಇಟ್ಟಿರಿ, ಯಾರ ಕೈಗೆ ಕೊಟ್ಟಿರಿ?’ ಅಂತ ಕೇಳಿ. ಎಷ್ಟೋ ಸಲ ಎದುರು ಮನೆಯಲ್ಲೋ ಕೆಳಗಿನ ಅಂಗಡಿಯಲ್ಲೋ ಕೊಟ್ಟಿರುತ್ತಾರೆ. ಕಾಣೆಯಾದ ಪಾರ್ಸೆಲ್ ಬೆಲೆಯನ್ನು ಆ ಹುಡುಗರ ದುಡಿಮೆಯಲ್ಲಿ ಕತ್ತರಿಸುವ ಪದ್ಧತಿ ಕೆಲವು ಕಡೆ ಇದೆ. ತಪ್ಪು ಯಾರದು ಅಂತ ಗೊತ್ತಾಗುವ ಮೊದಲೇ ಅವರ ತಲೆಗೆ ಕಟ್ಟುವುದು ಅನ್ಯಾಯ.

ಗ್ರಾಹಕ_ಪಕ್ಷ
ಮೇಲಿನವರು ಹೇಳಿದಂತೆ ನೋಡಿದ ಮೇಲೂ ಸಿಗಲಿಲ್ಲವೆಂದರೆ ಅದೇ ದಿನ ಆಪ್‌ನಲ್ಲಿ ದೂರು ಹಾಕಿ. ಚಾಟ್‌ನಲ್ಲಿ ‘ಪಾರ್ಸೆಲ್ ಕಳವಾಯಿತು’ ಅಂತ ಶುರು ಮಾಡಬೇಡಿ. ಹಾಗೆ ಬರೆದರೆ ಪಾರ್ಸೆಲ್ ನಿಮಗೆ ತಲುಪಿತ್ತು ಅಂತ ನೀವೇ ಒಪ್ಪಿಕೊಂಡ ಹಾಗೆ ಓದಿಕೊಳ್ಳುತ್ತಾರೆ. ನಿಮಗೆ ಗೊತ್ತಿರುವುದಷ್ಟನ್ನೇ ಬರೆಯಿರಿ: ‘ಡೆಲಿವರ್ಡ್ ಎಂದು ತೋರಿಸುತ್ತಿದೆ, ನನ್ನ ಕೈಗೆ ಬಂದಿಲ್ಲ, ನಾನು ಯಾರಿಗೂ ಒಟಿಪಿ ಕೊಟ್ಟಿಲ್ಲ, ಡೆಲಿವರಿ ಪುರಾವೆ ಕೊಡಿ.’ ಕ್ಯಾಮೆರಾದಲ್ಲಿ ಬೇರೆಯವರು ಎತ್ತಿಕೊಂಡು ಹೋಗಿದ್ದು ಕಂಡಿದ್ದರೆ ಅದನ್ನು ಮುಚ್ಚಿಡಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ.

ಸ್ಕ್ರೀನ್‌ಶಾಟ್ ಈಗಲೇ ತೆಗೆಯಿರಿ: ಆರ್ಡರ್ ಪುಟ, ಟ್ರ್ಯಾಕಿಂಗ್ ಪುಟ, ಡೆಲಿವರಿ ಫೋಟೋ, ಆ ಹೊತ್ತಿನ ಕಾಲ್ ಲಾಗ್. ಆರ್ಡರ್ ಮುಗಿದ ಮೇಲೆ ಈ ವಿವರಗಳು ಆಪ್‌ನಲ್ಲಿ ಹಾಗೇ ಉಳಿಯುತ್ತವೆ ಅಂತ ನೆಚ್ಚಿಕೊಳ್ಳಬೇಡಿ.

ಚಾಟ್‌ನವರು ‘ಆಗಲ್ಲ’ ಅಂದರೆ ಅಲ್ಲಿಗೇ ಬಿಡಬೇಡಿ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಪ್ರತಿ ಇ-ಕಾಮರ್ಸ್ ಸಂಸ್ಥೆಗೂ ಕುಂದುಕೊರತೆ ಅಧಿಕಾರಿ ಇರಲೇಬೇಕು. ಅವರು 48 ಗಂಟೆಯೊಳಗೆ ದೂರು ತಲುಪಿದ್ದಕ್ಕೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರಿನ ಟಿಕೆಟ್ ನಂಬರನ್ನು ಕೇಳಿ ಪಡೆಯಿರಿ, ಮುಂದೆ ಎಲ್ಲ ಕಡೆಯೂ ಅದೇ ಬೇಕಾಗುತ್ತದೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹಾಕಬೇಕು. ಎಂಟುನೂರು ರೂಪಾಯಿ ಸಾಮಾನಿಗೆ ಆಯೋಗದವರೆಗೆ ಹೋಗಿ ಅಂತ ನಾನು ಹೇಳಲ್ಲ. ಆದರೆ 1915ಕ್ಕೆ ದೂರು ಹಾಕುವುದು ಹತ್ತು ನಿಮಿಷದ ಕೆಲಸ, ಅದನ್ನು ಬಿಡಬೇಡಿ.

ಮೂರನೇ_ಮಹಡಿ
@ಗ್ರಾಹಕ_ಪಕ್ಷ ಸರ್, ಒಟಿಪಿ ಕೊಟ್ಟಾಗಿದ್ದರೆ? ಫೋನಿನಲ್ಲಿ ‘ಕೆಳಗೆ ಇಟ್ಟಿದ್ದೇನೆ, ಒಟಿಪಿ ಹೇಳಿ’ ಅಂತಾರಲ್ಲ.

ಗ್ರಾಹಕ_ಪಕ್ಷ
ಒಟಿಪಿ ಹೇಳುವುದು ಅಂದರೆ ‘ನನ್ನ ಕೈಗೆ ಬಂತು’ ಅಂತ ರುಜು ಹಾಕಿದ ಹಾಗೆ. ಅದಾದ ಮೇಲೆ ನಿಮ್ಮ ದೂರಿಗೆ ಅರ್ಧ ಬಲ ಹೋಯಿತು. ಮನೆಯಲ್ಲಿ ಇಲ್ಲದಿದ್ದರೆ ಒಟಿಪಿ ಕೊಡಬೇಡಿ, ‘ನಾಳೆ ತನ್ನಿ’ ಅನ್ನಿ. ಫ್ಲಿಪ್‌ಕಾರ್ಟ್‌ನ ಓಪನ್ ಬಾಕ್ಸ್ ಡೆಲಿವರಿಯಂಥದ್ದರಲ್ಲಿ ಡಬ್ಬಿ ಬಿಚ್ಚಿಸಿ, ಒಳಗಿನ ಸಾಮಾನು ನೋಡಿ, ಆಮೇಲೆ ಒಟಿಪಿ. ಪಕ್ಕದ ಮನೆಯವರ ಕೈಗೆ ಕೊಡಿಸುವುದಾದರೆ ಅವರು ಫೋನ್ ಹಿಡಿದು ‘ಬಂತು’ ಅಂದ ಮೇಲೆ ಹೇಳಿ. ಯಾವ ಆರ್ಡರನ್ನೂ ಮಾಡದೆ ಇದ್ದಾಗ ಒಟಿಪಿ ಕೇಳಿದರೆ ಅದು ಪಾರ್ಸೆಲ್ ಒಟಿಪಿ ಅಲ್ಲ, ಫೋನ್ ಇಡಿ. ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930.

ಠಾಣೆ_ದಫ್ತರ
ಪೊಲೀಸ್ ದೂರಿನ ಬಗ್ಗೆ. 2024ರ ಜುಲೈ 1ರಿಂದ ಐಪಿಸಿ ಇಲ್ಲ, ಭಾರತೀಯ ನ್ಯಾಯ ಸಂಹಿತೆ. ಕಳವಿಗೆ ಕಲಂ 303(2), ಮೂರು ವರ್ಷದವರೆಗೆ ಶಿಕ್ಷೆ. ವಾಸದ ಕಟ್ಟಡದ ಒಳಗೆ ನಡೆದ ಕಳವಿಗೆ ಕಲಂ 305, ಏಳು ವರ್ಷದವರೆಗೆ.

ನಿಮ್ಮ ಪ್ರಶ್ನೆಯ ಗಂಟು ಇರುವುದು 5,000 ರೂಪಾಯಿಯಲ್ಲಿ. ಸಾಮಾನಿನ ಬೆಲೆ ಅದಕ್ಕಿಂತ ಕಡಿಮೆ ಇದ್ದು ಬರೀ 303(2) ಆದರೆ ಅದು ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಾಗಾಗಿ ಠಾಣೆಯಲ್ಲಿ ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಕೊಡುತ್ತಾರೆ. ಇದು ಪೊಲೀಸರ ಸೋಮಾರಿತನ ಅಂತ ಜಗಳಕ್ಕೆ ನಿಲ್ಲಬೇಡಿ, ಕಾನೂನೇ ಹಾಗಿದೆ. ಆದರೆ ಪಾರ್ಸೆಲ್ ಗೇಟಿನ ಹೊರಗಿತ್ತೋ, ಕಟ್ಟಡದ ಒಳಗಿನ ಮೆಟ್ಟಿಲು ಅಥವಾ ಕಾರಿಡಾರಿನಲ್ಲಿತ್ತೋ ಅನ್ನೋದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ‘ಮನೆ ಹತ್ತಿರ’ ಅಂತ ಬರೆದರೆ 305ರ ಪ್ರಶ್ನೆಯೇ ಏಳುವುದಿಲ್ಲ. ‘ಕಟ್ಟಡದ ಒಳಗೆ, 2ನೇ ಮಹಡಿಯ ನಮ್ಮ ಬಾಗಿಲ ಮುಂದೆ’ ಅಂತ ಬರೆದರೆ ಠಾಣಾಧಿಕಾರಿ ಅದನ್ನು ಪರಿಶೀಲಿಸಲೇಬೇಕಾಗುತ್ತದೆ. ಒಂದೇ ಕಟ್ಟಡದಲ್ಲಿ ನಾಲ್ಕು ಮನೆಯವರ ಪಾರ್ಸೆಲ್ ಹೋಗಿದ್ದರೆ ನಾಲ್ವರೂ ಒಂದೇ ದಿನ ಹೋಗಿ, ದಿನಾಂಕ ಮತ್ತು ಸಮಯದ ಪಟ್ಟಿ ಕೊಡಿ. ಕಳ್ಳ ಬರುವ ಹೊತ್ತು ಆ ಪಟ್ಟಿಯಲ್ಲೇ ಕಾಣುತ್ತದೆ.

ದೂರಿನ ಜೊತೆ: ಬಿಲ್, ಟ್ರ್ಯಾಕಿಂಗ್ ನಂಬರು, ‘ಡೆಲಿವರ್ಡ್’ ಆದ ಸಮಯ, ನೀವು ಕೊನೆಗೆ ನೋಡಿದ ಸಮಯ. ಇ-ಮೇಲ್ ಅಥವಾ ಆನ್‌ಲೈನ್ ಮೂಲಕ ಮಾಹಿತಿ ಕೊಟ್ಟರೆ ಮೂರು ದಿನದೊಳಗೆ ಠಾಣೆಗೆ ಹೋಗಿ ರುಜು ಹಾಕಬೇಕು, ಇದನ್ನು ಮರೆಯುವವರೇ ಹೆಚ್ಚು. ಎಫ್‌ಐಆರ್ ಪ್ರತಿ ಉಚಿತ. ಸಂಜ್ಞೇಯ ಪ್ರಕರಣವನ್ನೂ ದಾಖಲಿಸದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿ) ಕಲಂ 173(4)ರಡಿ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ನಗರದಲ್ಲಾದರೆ ಡಿಸಿಪಿಗೆ.

ಕಳವಾದ ಸಾಮಾನಿಗೆ ಪೊಲೀಸರ ‘ಇ-ಲಾಸ್ಟ್’ ಆನ್‌ಲೈನ್ ವರದಿ ಹಾಕಬೇಡಿ. ಅದು ಕಳೆದುಹೋದ ವಸ್ತುಗಳಿಗೆ. ಕಳವು ಅಂತ ಹೇಳಬೇಕಾದ ಕಡೆ ಕಳೆದುಕೊಂಡೆ ಅಂತ ಹೇಳಿದರೆ ಮುಂದೆ ನಿಮ್ಮ ಮಾತು ನಿಮಗೇ ಅಡ್ಡ ಬರುತ್ತದೆ.

ಪಾರ್ಸೆಲ್‌ನಲ್ಲಿ ಇದ್ದದ್ದು ಮೊಬೈಲ್ ಆದರೆ ಬಿಲ್‌ನಲ್ಲಿ ಐಎಂಇಐ ನಂಬರು (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಹುಡುಕಿ, ಇಲ್ಲದಿದ್ದರೆ ಮಾರಿದವರಿಂದ ಕೇಳಿ ಪಡೆಯಿರಿ. ದೂರಿನ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಬ್ಲಾಕ್ ಮಾಡಿಸಿ. ದೇಶದ ಯಾವ ನೆಟ್‌ವರ್ಕಿನಲ್ಲೂ ಆ ಫೋನು ನಡೆಯದ ಹಾಗೆ ಆಗುತ್ತದೆ.

ಲೆನ್ಸ್_ನೋಟ
ಕ್ಯಾಮೆರಾ ಹಾಕಿಸಿಯೂ ಉಪಯೋಗಕ್ಕೆ ಬಾರದೇ ಹೋಗುವುದಕ್ಕೆ ಮುಖ್ಯ ಕಾರಣ ಎತ್ತರ. ಹತ್ತು ಅಡಿ ಮೇಲೆ ಕೂತ ಕ್ಯಾಮೆರಾಗೆ ಕಾಣುವುದು ಕ್ಯಾಪು, ಹೆಲ್ಮೆಟ್ಟು, ನಡುನೆತ್ತಿ. ಒಂದು ಮೇಲಿರಲಿ, ಇನ್ನೊಂದು ಕಾಲಿಂಗ್ ಬೆಲ್ ಹತ್ತಿರ ಐದು ಅಡಿ ಎತ್ತರದಲ್ಲಿ ಇರಬೇಕು.

ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಅನ್ನೋದು ಈ ಕ್ಷೇತ್ರದ ಅಳತೆಗೋಲು. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ. ಅಂದರೆ ದೃಶ್ಯದ ಅಗಲ 7.7 ಮೀಟರ್ ಮೀರಬಾರದು. ಅಂಗಡಿಯವರು ಸಾಮಾನ್ಯವಾಗಿ ಕೊಡುವ 2.8 ಮಿ.ಮೀ. ಲೆನ್ಸ್‌ನಲ್ಲಿ ಸುಮಾರು ಮೂರು ಮೀಟರ್ ದೂರಕ್ಕೇ ಆ ಅಗಲ ಬಂದುಬಿಡುತ್ತದೆ. ಗೇಟು ಆರು ಮೀಟರ್ ದೂರ ಇದ್ದರೆ ಅಲ್ಲಿ ಯಾರೋ ನಿಂತಿದ್ದು ಕಾಣುತ್ತದೆ, ಯಾರು ಅಂತ ಕಾಣುವುದಿಲ್ಲ. ಗೇಟಿಗೆ ಇದಕ್ಕಿಂತ ಕಿರಿದಾದ ಅಗಲ ತೋರಿಸುವ 6 ಮಿ.ಮೀ. ಲೆನ್ಸ್ ಕೇಳಿ.

ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ ಅನ್ನೋದು ಲೆಕ್ಕದ ಮಾತು. ಸೆಕೆಂಡಿಗೆ 2 ಮೆಗಾಬಿಟ್ (2 ಎಂಬಿಪಿಎಸ್) ಬರೆದರೆ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾಗೆ 1 ಟಿಬಿ ಡಿಸ್ಕ್ ಹಾಕಿದರೆ ಹನ್ನೊಂದು ದಿನಕ್ಕೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಊರಿಗೆ ಹೋಗಿ ಎರಡು ವಾರಕ್ಕೆ ಬಂದವರಿಗೆ ಏನೂ ಸಿಗುವುದಿಲ್ಲ. 4 ಟಿಬಿ ಹಾಕಿಸಿ.

ಡಿವಿಆರ್, ಅಂದರೆ ಕ್ಯಾಮೆರಾ ದೃಶ್ಯ ಬರೆದಿಡುವ ಯಂತ್ರದ ಗಡಿಯಾರ ಹಿಂದೆಮುಂದೆ ಆಗುತ್ತಲೇ ಇರುತ್ತದೆ. ಇಂಟರ್ನೆಟ್ ಸಮಯಕ್ಕೆ ಜೋಡಿಸಿ. ಆಗಿಲ್ಲದಿದ್ದರೆ ಫೋನಿನ ಸಮಯವನ್ನೂ ಡಿವಿಆರ್ ಪರದೆಯನ್ನೂ ಒಂದೇ ಫೋಟೋದಲ್ಲಿ ಹಿಡಿದು ವ್ಯತ್ಯಾಸ ಬರೆದಿಡಿ. ದೃಶ್ಯವನ್ನು ವಾಟ್ಸಾಪ್‌ನಲ್ಲಿ ಕಳಿಸಿ ಅದೇ ಸಾಕ್ಷಿ ಅಂದುಕೊಳ್ಳಬೇಡಿ, ಅದು ಕುಗ್ಗಿದ ಪ್ರತಿ. ಮೂಲ ಫೈಲನ್ನು ಪೆನ್‌ಡ್ರೈವ್‌ಗೆ ಇಳಿಸಿ. ನ್ಯಾಯಾಲಯಕ್ಕೆ ಹೋಗುವ ಹೊತ್ತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ನಂಬರು (ಫೈಲು ಬದಲಾಗಿಲ್ಲ ಅಂತ ತೋರಿಸುವ ಗುರುತು) ಬರೆಯಬೇಕಾಗುತ್ತದೆ. ಬೀದಿಯ ಗುಂಪುಗಳಲ್ಲಿ ‘ಇವನೇ ಕಳ್ಳ’ ಅಂತ ಮುಖ ಹಾಕುವುದು ಬೇಡ. ತಪ್ಪು ಮನುಷ್ಯ ಆದರೆ ಅವನ ಬದುಕು ಹಾಳು.

ಕಬ್ಬಿಣ_ಕೆಲಸ
ಕ್ಯಾಮೆರಾದವರ ಮಾತು ಸರಿ. ಆದರೆ ಕ್ಯಾಮೆರಾ ಹೋದದ್ದನ್ನು ತೋರಿಸುತ್ತದೆ, ಹೋಗದ ಹಾಗೆ ತಡೆಯುವುದಿಲ್ಲ. ನೆಲದ ಮನೆ, ಸ್ವಂತ ಗೇಟು ಇದ್ದರೆ ಮೊದಲು ಪೆಟ್ಟಿಗೆ ಮಾಡಿಸಿ. ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಮಾಡುತ್ತಾರೆ, ಅಳತೆ ಸರಿಯಾಗಿ ಕೊಡಬೇಕು.

ಹೊರ ಅಳತೆ 450 ಅಗಲ, 500 ಆಳ, 900 ಎತ್ತರ, ಎಲ್ಲ ಮಿ.ಮೀ. 16 ಗೇಜ್ ಎಂಎಸ್ (ಮೈಲ್ಡ್ ಸ್ಟೀಲ್) ಶೀಟು, ಮೂಲೆಗೆ 25×25×3ರ ಆಂಗಲ್ ಪಟ್ಟಿ. ತೂಕ 35 ಕೆ.ಜಿ. ಆಸುಪಾಸು ಬರುತ್ತದೆ.

ಪೆಟ್ಟಿಗೆಯ ಜೀವ ಇರುವುದು ಮೇಲಿನ ಬಾಯಲ್ಲಿ. ಬರೀ ಕಿಂಡಿ ಬಿಟ್ಟರೆ ಕೈ ಹಾಕಿ ಎತ್ತುತ್ತಾರೆ. ಎರಡು ತಗಡು ಬೇಕು: ಮುಂದಿನದು 250 ಎತ್ತರ, ಇದೇ ಬಾಗಿಲು; ಹಿಂದಿನದು 300. ಎರಡನ್ನೂ ಕೆಳ ಅಂಚಿನಲ್ಲಿ 135 ಡಿಗ್ರಿಗೆ ಬೆಸೆದು, ಬೆಸುಗೆ ಇರುವ ಗೆರೆಯಲ್ಲೇ ಹಿಂಜ್ ಕೊಡಿ. ಎರಡೂ ಪಕ್ಕಕ್ಕೆ ಬೀಸಣಿಗೆ ಆಕಾರದ ತಗಡು ಮುಚ್ಚಿ. ಬಾಗಿಲನ್ನು ಮುಂದಕ್ಕೆ ಎಳೆದು ಅಡ್ಡ ಮಲಗಿಸಿದಾಗ ಹಿಂದಿನ ತಗಡು ಮೇಲೆದ್ದು ಒಳದಾರಿ ಮುಚ್ಚುತ್ತದೆ. ಪಾರ್ಸೆಲ್ ಇಟ್ಟು ಬಾಗಿಲು ಮುಚ್ಚಿದರೆ ಅದೇ ತಗಡು ಕೆಳಕ್ಕೆ ಇಳಿಜಾರಾಗಿ ಪಾರ್ಸೆಲ್ ಜಾರಿ ಬೀಳುತ್ತದೆ. ತೆರೆದಾಗ ತಗಡಿನ ತುದಿ ಹಿಂಜಿನಿಂದ 212 ಒಳಗೆ, 212 ಮೇಲೆ ನಿಲ್ಲುತ್ತದೆ. ಹಿಂಜಿನಿಂದ ಸೂರಿಗೆ 280 ಇದ್ದರೆ ಮೇಲೆ ಕೈ ತೂರುವಷ್ಟು ಸಂದು ಉಳಿಯಿತು. ಅದಕ್ಕೆ ಬಾಯಿಂದ 235 ಒಳಗೆ, ಸೂರಿನಿಂದ 85 ಮಿ.ಮೀ. ಕೆಳಕ್ಕೆ ಇಳಿಬಿದ್ದ ಒಂದು ಪಟ್ಟಿ ಬೆಸೆಯಿರಿ. ನೂರು ಇಳಿಸಿದರೆ ತಿರುಗುವ ತಗಡಿಗೆ ತಾಗುತ್ತದೆ. ಕೆಲಸಗಾರರು ‘ಇರಲಿ ಬಿಡಿ ಸ್ವಲ್ಪ ಹೆಚ್ಚು’ ಅಂತಾರೆ, ಬಿಡಬೇಡಿ.

ಶೀಟು ಉಳಿಸಲು ಆಳವನ್ನು 400ಕ್ಕೆ ಇಳಿಸುವುದು ಇನ್ನೊಂದು ತಪ್ಪು. ಇಳಿಜಾರಿನ ತುದಿಗೂ ಹಿಂಗೋಡೆಗೂ 190 ಮಿ.ಮೀ. ಕೂಡ ಉಳಿಯುವುದಿಲ್ಲ, ಡಬ್ಬಿ ಅಡ್ಡ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಪಾರ್ಸೆಲ್ ಮುಂದೆ ಬಂದವನಿಗೆ ಕಣ್ಣಿಗೆ ಕಾಣುತ್ತದೆ. 500 ಇಟ್ಟರೆ 350×220×150ರ ಡಬ್ಬಿ ಸರಾಗ ಇಳಿಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಈ ಪೆಟ್ಟಿಗೆ ಅಲ್ಲ. ಒಳಗೆ ರಾಶಿ 400 ಮೀರಿದರೆ ಬೆಸೆದ ಜೋಡಿ ತಗಡು ತಿರುಗುವುದಿಲ್ಲ, ದಿನಾ ಖಾಲಿ ಮಾಡಿ.

ಸಾಮಾನು ತೆಗೆಯುವ ಬಾಗಿಲು ಕೆಳಗೆ, ಸಾಧ್ಯವಾದರೆ ಕಾಂಪೌಂಡಿನ ಒಳಮುಖಕ್ಕೆ. ಹಿಂಜ್ ಒಳಗಡೆ ಇರಲಿ. ಹೊರಗಿದ್ದರೆ ಪಿನ್ನು ಬಡಿದು ತೆಗೆಯುತ್ತಾರೆ. ಪೆಟ್ಟಿಗೆಯ ಒಳಗಿನಿಂದಲೇ ನಾಲ್ಕು 10 ಮಿ.ಮೀ. ಆಂಕರ್ ಬೋಲ್ಟ್ ಕಾಂಕ್ರೀಟಿಗೆ. ಗೋಡೆ ಹಾಲೋ ಬ್ಲಾಕ್ ಆದರೆ ಆಂಕರ್ ಹಿಡಿಯುವುದಿಲ್ಲ, ಆರುಪಾರು ಬೋಲ್ಟ್ ಹಾಕಿ ಹಿಂದೆ ಪಟ್ಟಿ ಕೊಡಿ. ಸೂರು ಸ್ವಲ್ಪ ಇಳಿಜಾರು, ಮುಂದಕ್ಕೆ 40 ಚಾಚು, ತಳದಲ್ಲಿ ನಾಲ್ಕು 6 ಮಿ.ಮೀ. ತೂತು, ಕೆಳಗೆ 150ರ ಕಾಲು. ಎರಡು ಕೋಟ್ ರೆಡ್ ಆಕ್ಸೈಡ್ ಆದ ಮೇಲೆ ಎನಾಮಲ್.

ಡೆಲಿವರಿ ಸೂಚನೆಯಲ್ಲಿ ಚಿಕ್ಕದಾಗಿ ಬರೆಯಿರಿ: ‘ಗೇಟಿನ ಬಲಕ್ಕೆ ಬಿಳಿ ಪೆಟ್ಟಿಗೆ. ಹಿಡಿ ಎಳೆಯಿರಿ, ಇಡಿ, ಮುಚ್ಚಿ.’ ಪೆಟ್ಟಿಗೆಯ ಮೇಲೂ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಅಂಟಿಸಿ. ಬೀಗದ ನಂಬರು ಕೊಟ್ಟು ತೆರೆಸುವ ಪೆಟ್ಟಿಗೆ ಬೇಡ. ನಂಬರು ವಾರದಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ.

ಹುಬ್ಬಳ್ಳಿ_ಮಂದಿ
ಕಬ್ಬಿಣದವರ ಅಳತಿ ಚೊಲೋ ಐತ್ರಿ. ನಮ್ಮ ಕಡೆ ಬಿಸಲಿನ ಮಾತ ಹೇಳಬೇಕು. ಏಪ್ರಿಲ್ ಮೇದಾಗ ಕಬ್ಬಿಣದ ಪೆಟಗಿ ಒಳಗ ಔಷಧ ಇಡೂ ಹಂಗಿಲ್ಲ. ಇನ್ಸುಲಿನ್ ಅಂತೂ ಬ್ಯಾಡೇ ಬ್ಯಾಡ, ಕೈಗೇ ತಗೋಬೇಕು. ಚಾಕಲೇಟು, ಪವರ್ ಬ್ಯಾಂಕು ಸೈತ ಹಂಗ. ಬಿಳಿ ಬಣ್ಣ ಹಚ್ಚ್ರಿ, ಪಶ್ಚಿಮದ ಬಿಸಲು ಬೀಳೂ ಗ್ವಾಡಿಗೆ ಕೂಡಸಬ್ಯಾಡ್ರಿ. ಸೂರಿನ ಕೆಳಗ ಒಂದು ಥರ್ಮೋಕೋಲ್ ಹಾಳಿ ಅಂಟಿಸಿದ್ರ ಇನ್ನೂ ಚೊಲೋ.

ಸಂಘದ_ಖಾತೆ
ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಪ್ರಶ್ನೆ ಬೇರೆ. ಮೈಗೇಟ್, ನೋಬ್ರೋಕರ್‌ಹುಡ್‌ನಂಥ, ಗೇಟಿಗೆ ಬಂದವರನ್ನು ಫೋನಿನಲ್ಲೇ ಒಪ್ಪುವ ಆಪ್‌ಗಳಲ್ಲಿ ‘ಗೇಟಿನಲ್ಲೇ ಬಿಡಿ’ ಅಂತ ಒತ್ತುತ್ತೀರಿ, ಪಾರ್ಸೆಲ್ ಗಾರ್ಡ್ ಕೋಣೆಗೆ ಬರುತ್ತದೆ, ಅಲ್ಲಿಂದ ಮಾಯ. ಬೇರೆಯವರ ವಸ್ತುವನ್ನು ಇಟ್ಟುಕೊಂಡವರು, ಕೂಲಿ ಇಲ್ಲದೆ ಇಟ್ಟುಕೊಂಡರೂ, ಸಾಮಾನ್ಯ ವಿವೇಕ ಇರುವವರು ತಮ್ಮದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕು ಅಂತ 1872ರ ಕರಾರು ಕಾಯ್ದೆಯ 151ನೇ ಕಲಂ ಹೇಳುತ್ತದೆ. ಪಾರ್ಸೆಲ್ ರ‍್ಯಾಕ್ ಇಟ್ಟ ಸಂಘದವರು ಇದನ್ನು ತಿಳಿದಿರಬೇಕು.

ರಿಜಿಸ್ಟರ್‌ನಲ್ಲಿ ಐದು ಕಾಲಂ ಸಾಕು: ಬಂದ ಸಮಯ, ಕೊರಿಯರ್ ಹೆಸರು, ಟ್ರ್ಯಾಕಿಂಗ್ ನಂಬರಿನ ಕೊನೆಯ ನಾಲ್ಕು ಅಂಕೆ, ಫ್ಲ್ಯಾಟ್, ಒಯ್ದವರ ರುಜು ಮತ್ತು ಸಮಯ. ಆ ನಾಲ್ಕು ಅಂಕೆ ಬಹಳ ಮುಖ್ಯ. ಅದಿಲ್ಲದಿದ್ದರೆ ಒಂದೇ ಫ್ಲ್ಯಾಟಿಗೆ ಬಂದ ಮೂರರಲ್ಲಿ ಯಾವುದು ಹೋಯಿತು ಅಂತ ಹೇಳಲಾಗುವುದಿಲ್ಲ. ಪಾರ್ಸೆಲ್ ಹೆಚ್ಚು ತಪ್ಪುವುದು ಪಾಳಿ ಬದಲಾಗುವಾಗ. ಹೋಗುವ ಗಾರ್ಡು, ಬರುವ ಗಾರ್ಡು ಇಬ್ಬರೂ ರ‍್ಯಾಕ್ ಎಣಿಸಿ ರಿಜಿಸ್ಟರ್‌ನಲ್ಲಿ ಗೆರೆ ಎಳೆದು ರುಜು ಹಾಕಲಿ. ಎಣಿಸಲು ಐದು ನಿಮಿಷ ಕೊಡದೆ ಆಮೇಲೆ ಅವರ ಸಂಬಳಕ್ಕೆ ಕೈ ಹಾಕುವ ಸಂಘಗಳು ಮೊದಲು ತಮ್ಮ ವ್ಯವಸ್ಥೆ ನೋಡಿಕೊಳ್ಳಲಿ.

ಡಲ್ಲಾಸ್_ಕನ್ನಡಿಗ
ಅಮೆರಿಕದಲ್ಲಿರುವವರಿಗೆ ಎರಡು ಮಾತು. ಅಂಚೆ ಇಲಾಖೆ, ಅಂದರೆ ಯುಎಸ್‌ಪಿಎಸ್ ತಂದ ಪಾರ್ಸೆಲ್ ಕದ್ದರೆ ಅದು ಫೆಡರಲ್ ಅಪರಾಧ, ಐದು ವರ್ಷದವರೆಗೆ ಶಿಕ್ಷೆ. ದೂರು ಪೋಸ್ಟಲ್ ಇನ್‌ಸ್ಪೆಕ್ಷನ್ ಸರ್ವಿಸ್‌ಗೆ. ಯುಪಿಎಸ್, ಫೆಡ್‌ಎಕ್ಸ್, ಅಮೆಜಾನ್ ವ್ಯಾನ್ ತಂದದ್ದಕ್ಕೆ ಸ್ಥಳೀಯ ಪೊಲೀಸರು. ಊರಿಗೆ ಹೊರಟರೆ ಅಂಚೆಯನ್ನು ತಡೆದಿಟ್ಟುಕೊಳ್ಳುವ ಯುಎಸ್‌ಪಿಎಸ್‌ನ ಹೋಲ್ಡ್ ಮೇಲ್ ಸೇವೆ 3ರಿಂದ 30 ದಿನ ಉಚಿತ, ಆದರೆ ಅದು ಬೇರೆ ಕೊರಿಯರ್‌ಗಳನ್ನು ತಡೆಯುವುದಿಲ್ಲ. ಅವುಗಳನ್ನು ಬೇರೆಯಾಗಿ ಯುಪಿಎಸ್ ಆಕ್ಸೆಸ್ ಪಾಯಿಂಟ್ (ಪಾರ್ಸೆಲ್ ಇಟ್ಟುಕೊಳ್ಳುವ ಅಂಗಡಿ) ಅಥವಾ ಅಮೆಜಾನ್ ಲಾಕರ್‌ಗೆ ತಿರುಗಿಸಬೇಕು. ಲಾಕರ್‌ನಲ್ಲಿ ಮೂರು ದಿನದೊಳಗೆ ತೆಗೆಯದಿದ್ದರೆ ವಾಪಸ್ ಹೋಗುತ್ತದೆ.

ಮೂರನೇ_ಮಹಡಿ
ಎಲ್ಲರಿಗೂ ಧನ್ಯವಾದ. ಬಾಡಿಗೆ ಮನೆಯವರಿಗೆ ಗೋಡೆ ಕೊರೆಯಲು ಓನರ್ ಬಿಡುವುದಿಲ್ಲ. ಅವರಿಗೆ ದಾರಿ?

ಹಬ್_ಲೆಕ್ಕ
ಕೊರೆಯದೆ ಆಗುವುದು ಇಷ್ಟು. ಒಂದು, ಕೆಳಗಿನ ಕಿರಾಣಿ ಅಂಗಡಿಯವರ ಜೊತೆ ಮಾತಾಡಿ, ಅವರು ಒಪ್ಪಿದರೆ ವಿಳಾಸದಲ್ಲೇ ಅಂಗಡಿ ಹೆಸರು ಸೇರಿಸಿ. ಪುಗಸಟ್ಟೆ ಮಾಡಿಸಿಕೊಳ್ಳಬೇಡಿ, ಪಾರ್ಸೆಲ್‌ಗೆ ಹತ್ತು ರೂಪಾಯಿ ಕೊಡಿ, ಜವಾಬ್ದಾರಿ ಬರುತ್ತದೆ. ಎರಡು, ಡೆಲಿವರಿ ಆಯ್ಕೆಯಲ್ಲಿ ಶನಿವಾರ, ಭಾನುವಾರ ಇದ್ದರೆ ಅದನ್ನೇ ಹಿಡಿಯಿರಿ. ಆಫೀಸಿನ ವಿಳಾಸವನ್ನು ‘ಕಚೇರಿ’ ಅಂತ ಗುರುತು ಮಾಡಿದರೆ ರಜಾ ದಿನ ಅಲ್ಲಿಗೆ ಹೋಗುವುದು ತಪ್ಪುತ್ತದೆ. ಮೂರು, ಊರಿಂದ ಮನೆಯವರು ಏನಾದರೂ ಕಳಿಸುವಾಗ ಸ್ಪೀಡ್ ಪೋಸ್ಟ್‌ನಲ್ಲಿ ಒಟಿಪಿ ಡೆಲಿವರಿ ಕೇಳಲಿ. 2025ರ ಅಕ್ಟೋಬರ್ 1ರಿಂದ 5 ರೂಪಾಯಿ ಮತ್ತು ಜಿಎಸ್‌ಟಿ ಸೇರಿಸಿದರೆ ಆ ಸೌಲಭ್ಯ ಇದೆ. ಒಟಿಪಿ ನಿಮ್ಮ ನಂಬರಿಗೆ ಬರಬೇಕು, ಹಾಗಾಗಿ ಕವರಿನ ಮೇಲೆ ಕಳಿಸುವವರ ನಂಬರಿನ ಜೊತೆ ಪಡೆಯುವವರ ನಂಬರನ್ನೂ ಬಿಡಿಸಿ ಬರೆಯಬೇಕು.

ಡಬ್ಬಿ ಎಸೆಯುವ ಮೊದಲು ಲೇಬಲ್ ಕಿತ್ತು ಹರಿಯಿರಿ. ಹೆಸರು, ಫೋನು, ಮಹಡಿ ಎಲ್ಲ ಅದರ ಮೇಲಿರುತ್ತದೆ. ಟಿವಿ, ಲ್ಯಾಪ್‌ಟಾಪ್ ಡಬ್ಬಿಯನ್ನು ಹಾಗೇ ಗೇಟಿನ ಹೊರಗೆ ಕಸದವರಿಗೆ ಇಡಬೇಡಿ, ಬಿಚ್ಚಿ ಮಡಚಿ ಅಚ್ಚಿನ ಬದಿ ಒಳಗೆ ಮಾಡಿ ಕಟ್ಟಿ ಕೊಡಿ.